ನಗಿಸುತ್ತಿದ್ದವನು ಕಂಡ ನರಕ

ಶೃಂಗಾರದಿಂದ ಹಾಸ್ಯವೂ ರೌದ್ರದಿಂದ ಕರುಣವೂ ಹುಟ್ಟುವುವೆಂದು ಭರತಮುನಿ ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಈ ಎರಡು ಮಾತುಗಳೂ ಒಬ್ಬನೇ ಕಲಾವಿದನ ಬಾಳಿನಲ್ಲಿ, ಒಂದರ ಬೆನ್ನಿಗೆ ಒಂದಾಗಿ, ನಿಜವಾಗುವುದು ಅಪರೂಪ. ಅಮೆರಿಕದ ಚಲಚ್ಚಿತ್ರ ನಿರ್ದೇಶಕ ಜಾರ್ಜ್ ಸ್ಟೀವನ್ಸನ ಬಾಳಿನಲ್ಲಿ ಹಾಗಾಯಿತು. ಮೂವತ್ತೆಂಟನೆಯ ವಯಸ್ಸಿನವರೆಗೆ ಆತನು ಪ್ರೇಮದ ಸರಸವನ್ನೂ ಸಂಸಾರದ ವಿನೋದವನ್ನೂ ಬೆಳ್ಳಿತೆರೆಯ ಮೇಲೆ ತಂದು ಲಕ್ಷಾಂತರ ಜನರನ್ನು ನಗಿಸಿದನು. ಆಮೇಲೆ ಸೈನಿಕನ ಉಡುಪು ತೊಟ್ಟು, ಮಹಾಯುದ್ಧದ ಬೆನ್ನು ಹತ್ತಿ, ಕ್ಯಾಮರಾ ಹೊತ್ತು ಯೂರೋಪಿನಲ್ಲಿ ತಿರುಗಿದನು. ಹಿಂದಿರುಗಿ ಬಂದ ಮೇಲೆ ಮತ್ತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರಗಳನ್ನು ನಿರ್ದೇಶಿಸಿದನು, ಕೀರ್ತಿಯನ್ನೂ ಪ್ರಶಸ್ತಿಗಳನ್ನೂ ಗಳಿಸಿದನು. ಆದರೆ ಹಿಂದಿನಂತಹ ನಗೆಚಿತ್ರವೊಂದನ್ನು ಮಾತ್ರ ಆತನು ಮತ್ತೆ ತೆಗೆಯಲಿಲ್ಲ. ಸ್ನೇಹಿತರು ಕೇಳಿಕೊಂಡರೂ ತೆಗೆಯಲಿಲ್ಲ.

ಏಕೆ? ಆ ಎರಡು ಮೂರು ವರ್ಷಗಳಲ್ಲಿ ಆತನ ಕಣ್ಣಿಗೆ ಬಿದ್ದುದಾದರೂ ಏನು? ಅದನ್ನು ತಿಳಿಯಬೇಕಾದರೆ ಆತನ ಕಥೆಯನ್ನು ಮೊದಲಿನಿಂದ ನೋಡಬೇಕು.

ರಂಗಭೂಮಿಯ ಕೂಸು

ಸ್ಟೀವನ್ಸ್ ಹುಟ್ಟಿದುದು 1904ರ ಡಿಸೆಂಬರ್ 18ರಂದು, ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ. ತಂದೆ ಲ್ಯಾಂಡರ್ಸ್ ಸ್ಟೀವನ್ಸ್, ತಾಯಿ ಜಾರ್ಜಿ ಕೂಪರ್. ಇಬ್ಬರೂ ರಂಗಭೂಮಿಯ ನಟರು. ನಾಟಕದ ಪರದೆಯ ಮರೆಯಲ್ಲಿ ನಿಂತು ನೋಡುತ್ತ ಬೆಳೆದ ಮಗುವಿಗೆ ಪ್ರೇಕ್ಷಕನ ಉಸಿರು ಯಾವಾಗ ಬಿಗಿಯುತ್ತದೆ, ಯಾವಾಗ ಸಡಿಲುತ್ತದೆ ಎಂಬುದು ಅಕ್ಷರಾಭ್ಯಾಸಕ್ಕೆ ಮೊದಲೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ಮೂಕಚಿತ್ರಗಳ ಅಬ್ಬರದಲ್ಲಿ ನಾಟಕದ ಕಂಪೆನಿಗಳು ಸೊರಗಿದಾಗ ಕುಟುಂಬ ಲಾಸ್ ಏಂಜಲಿಸಿಗೆ ಬಂದಿತು. ಹದಿಹರೆಯದ ಜಾರ್ಜ್ ಸಹಾಯಕ ಛಾಯಾಗ್ರಾಹಕನಾಗಿ ಚಿತ್ರೋದ್ಯಮವನ್ನು ಹೊಕ್ಕನು.

ಸ್ವಲ್ಪ ಕಾಲದಲ್ಲಿಯೇ ಆತನು ಹಾಲ್ ರೋಚನ ಸ್ಟುಡಿಯೋ ಸೇರಿದನು. ಕಿರು ಹಾಸ್ಯಚಿತ್ರಗಳಿಗೆ ಹೆಸರಾದ ಆ ಸ್ಟುಡಿಯೋದಲ್ಲಿ ಸಣಕಲು ಸ್ಟಾನ್ ಲಾರೆಲ್, ದಢೂತಿ ಆಲಿವರ್ ಹಾರ್ಡಿ ಇವರ ಜೋಡಿ ಆಗತಾನೆ ರೂಪುಗೊಳ್ಳುತ್ತಿತ್ತು. ಅಲ್ಲಿಯೇ ಒಂದು ವಿಚಿತ್ರವಾದ ತೊಡಕು ಇತ್ತು. ಲಾರೆಲನ ಕಣ್ಣುಗಳು ತಿಳಿನೀಲಿ. ಅಂದಿನ ಸಾಧಾರಣ ಫಿಲ್ಮು ನೀಲಿ ಬಣ್ಣವನ್ನು ಬಿಳುಪಾಗಿಯೇ ಗ್ರಹಿಸುತ್ತಿದ್ದುದರಿಂದ ತೆರೆಯ ಮೇಲೆ ಅವನು ಕಣ್ಣಿನ ಪಾಪೆಗಳೇ ಇಲ್ಲದ ಕುರುಡನಂತೆ ಕಾಣುತ್ತಿದ್ದನು. ಕಣ್ಣೇ ಕಾಣದ ವಿದೂಷಕನನ್ನು ನೋಡಿ ನಗುವವರು ಯಾರು? ಎಲ್ಲ ಬಣ್ಣಗಳನ್ನೂ ಗ್ರಹಿಸಬಲ್ಲ ಪ್ಯಾಂಕ್ರೊಮ್ಯಾಟಿಕ್ ಎಂಬ ಹೊಸ ಬಗೆಯ ಫಿಲ್ಮನ್ನು ಬಳಸಿ ಸ್ಟೀವನ್ಸ್ ಈ ತೊಡಕನ್ನು ಬಿಡಿಸಿದನು. ಲಾರೆಲನ ಪೆದ್ದು ನೋಟ ಅಂದಿನಿಂದ ಜಗತ್ತಿಗೆ ಕಾಣಿಸಿತು.

ಈ ಜೋಡಿಯ ಅನೇಕ ಚಿತ್ರಗಳಿಗೆ ಸ್ಟೀವನ್ಸನೇ ಛಾಯಾಗ್ರಾಹಕ. 1929ರ ‘ಬಿಗ್ ಬಿಸಿನೆಸ್’ ಅವುಗಳಲ್ಲಿ ಪ್ರಸಿದ್ಧವಾದುದು. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಕ್ರಿಸ್ಮಸ್ ಗಿಡಗಳನ್ನು ಮಾರಲು ಹೊರಟ ಇಬ್ಬರಿಗೂ ಗಿಡ ಬೇಡವೆಂದ ಮನೆಯ ಯಜಮಾನನಿಗೂ ಜಗಳ ಹತ್ತುತ್ತದೆ. ಇವರು ಅವನ ಮನೆಯ ಒಂದು ವಸ್ತುವನ್ನು ಮುರಿಯುವರು. ಅವನು ಇವರ ಕಾರಿನ ಒಂದು ಭಾಗವನ್ನು ಕೀಳುವನು. ಒಬ್ಬನು ಮುರಿಯುವಾಗ ಇನ್ನೊಬ್ಬನು ತಾಳ್ಮೆಯಿಂದ ನಿಂತು ನೋಡುತ್ತಾನೆ, ತನ್ನ ಸರದಿಗೆ ಕಾಯುತ್ತಾನೆ. ಚಿತ್ರ ಮುಗಿಯುವ ಹೊತ್ತಿಗೆ ಮನೆಯೂ ಇಲ್ಲ, ಕಾರೂ ಇಲ್ಲ. ನಗೆ ಹುಟ್ಟುವುದು ಆ ನಿಧಾನದಿಂದ, ಆ ಕಾಯುವಿಕೆಯಿಂದ. ಅವಸರಪಡದೆ ನೋಡುವ ಈ ಗುಣವನ್ನು ಸ್ಟೀವನ್ಸ್ ಅಲ್ಲಿಯೇ ಕಲಿತನು. ಕಡೆಯವರೆಗೂ ಅದನ್ನು ಬಿಡಲಿಲ್ಲ. ಅದರ ಉಪಯೋಗ ಮಾತ್ರ ಬದಲಾಯಿತು.

ಬಡತನವನ್ನು ಮುಚ್ಚಿಡುವ ಔತಣ

ನಿರ್ದೇಶಕನಾಗಿ ಸ್ಟೀವನ್ಸನಿಗೆ ಹೆಸರು ತಂದ ಚಿತ್ರ 1935ರ ‘ಆಲಿಸ್ ಆಡಮ್ಸ್’. ಕೆಳ ಮಧ್ಯಮ ವರ್ಗದ ಹುಡುಗಿಯೊಬ್ಬಳು ತನ್ನ ಮನೆ ಸಿರಿವಂತರ ಮನೆಯೆಂದು ತೋರಿಸಿಕೊಳ್ಳಲು ಪಡುವ ಪಾಡು ಇದರ ವಸ್ತು. ಮೆಚ್ಚಿದ ತರುಣನನ್ನು ಮನೆಗೆ ಊಟಕ್ಕೆ ಕರೆದಿದ್ದಾಳೆ. ತಡೆಯಲಾರದ ಸೆಕೆಯ ರಾತ್ರಿ. ಬಡಿಸಲು ಆ ಒಂದು ದಿನದ ಮಟ್ಟಿಗೆ ಕೂಲಿಗೆ ತಂದ ಆಳಿಗೆ ಮನೆಯ ಗೌರವದ ಚಿಂತೆಯಿಲ್ಲ. ಸೆಕೆಯಲ್ಲಿ ಬಿಸಿಬಿಸಿ ಸೂಪು ಬರುತ್ತದೆ. ತಂದೆಯ ಗಂಜಿ ಹಾಕಿದ ಅಂಗಿಯ ಎದೆ ಮತ್ತೆ ಮತ್ತೆ ಕಳಚಿಕೊಳ್ಳುತ್ತದೆ. ಹುಡುಗಿ ಮಾತ್ರ ಎಡೆಬಿಡದೆ ಮಾತನಾಡುತ್ತ, ನಗುತ್ತ, ಕುಸಿಯುತ್ತಿರುವ ಗೋಡೆಗೆ ಬೆನ್ನು ಕೊಟ್ಟು ನಿಂತವಳಂತೆ ಇರುತ್ತಾಳೆ. ಪ್ರೇಕ್ಷಕರು ನಗುತ್ತಾರೆ, ನಗುತ್ತಿರುವಂತೆಯೇ ಗಂಟಲು ಕಟ್ಟುತ್ತದೆ. ಮನೆಗೆ ದೊಡ್ಡವರು ಬರುವರೆಂದು ನೆರೆಮನೆಯಿಂದ ಬೆಳ್ಳಿಲೋಟ ಕಡ ತಂದ ಯಾವ ಗೃಹಿಣಿಗೂ ಈ ದೃಶ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಿಸಳ ಪಾತ್ರ ವಹಿಸಿದವಳು ಕ್ಯಾಥರಿನ್ ಹೆಪ್‌ಬರ್ನ್.

ಮರುವರ್ಷ ಫ್ರೆಡ್ ಆಸ್ಟೇರ್, ಜಿಂಜರ್ ರಾಜರ್ಸ್ ಜೋಡಿಯ ನೃತ್ಯಚಿತ್ರ ‘ಸ್ವಿಂಗ್ ಟೈಮ್’ ಬಂದಿತು. ಅದರ ಒಂದು ನೃತ್ಯವನ್ನು ನಲವತ್ತಕ್ಕೂ ಹೆಚ್ಚು ಬಾರಿ ಚಿತ್ರಿಸಿದಾಗ ರಾಜರ್ಸಳ ಪಾದಗಳಿಂದ ರಕ್ತ ಒಸರಿತೆಂದು ಪ್ರತೀತಿ. ತೆರೆಯ ಮೇಲೆ ಕಾಣುವುದು ಗಾಳಿಯಲ್ಲಿ ತೇಲುವ ಗರಿಯ ಹಗುರ. 1942ರ ‘ವುಮನ್ ಆಫ್ ದಿ ಇಯರ್’ ಚಿತ್ರದಲ್ಲಿ ಹೆಪ್‌ಬರ್ನ್ ಮತ್ತು ಸ್ಪೆನ್ಸರ್ ಟ್ರೇಸಿ ಮೊದಲ ಬಾರಿಗೆ ಜೊತೆಗೂಡಿದರು. 1943ರ ‘ದಿ ಮೋರ್ ದಿ ಮೆರಿಯರ್’ ಚಿತ್ರದಲ್ಲಿ ಯುದ್ಧಕಾಲದ ವಾಷಿಂಗ್‌ಟನ್ನಿನ ಬಾಡಿಗೆಮನೆಯ ಅಭಾವವೇ ಹಾಸ್ಯದ ಬೀಜ. ಯುವತಿಯೊಬ್ಬಳು ತನ್ನ ಮನೆಯ ಅರ್ಧವನ್ನು ಒಬ್ಬ ಮುದುಕನಿಗೆ ಬಾಡಿಗೆ ಕೊಡುತ್ತಾಳೆ. ಆ ಮುದುಕ ತನ್ನ ಅರ್ಧದಲ್ಲಿ ಅರ್ಧವನ್ನು ಒಬ್ಬ ತರುಣನಿಗೆ ಕೊಡುತ್ತಾನೆ. ನ್ಯೂಯಾರ್ಕಿನ ವಿಮರ್ಶಕರ ಬಳಗ ಆ ವರ್ಷದ ಶ್ರೇಷ್ಠ ನಿರ್ದೇಶಕನೆಂದು ಸ್ಟೀವನ್ಸನನ್ನು ಆರಿಸಿತು. ಅದೇ ಆತನ ಕಡೆಯ ನಗೆಚಿತ್ರ.

ನೀರು ಹೊರುವವನ ಕಥೆ

ಈ ಸಾಲಿನಲ್ಲಿ ಒಂದು ಚಿತ್ರವನ್ನು ಬೇರೆಯಾಗಿ ಹೇಳಬೇಕು. ಅದು 1939ರ ‘ಗಂಗಾ ದಿನ್’. ಕಿಪ್ಲಿಂಗನ ಪದ್ಯವೊಂದರ ಎಳೆ ಹಿಡಿದು ಹೆಣೆದ ಸಾಹಸದ ಕಥೆ. ಹಿಂದೂಸ್ಥಾನದ ವಾಯವ್ಯ ಗಡಿಯಲ್ಲಿ ಮೂವರು ಬ್ರಿಟಿಷ್ ಸಾರ್ಜೆಂಟರು ಥಗ್ಗರ ಗುಂಪಿನೊಡನೆ ಹೋರಾಡುತ್ತಾರೆ. ಪಲ್ಟನ್ನಿಗೆ ನೀರು ಹೊರುವ ಆಳು ಗಂಗಾ ದಿನ್ ಕೊನೆಗೆ ಕಹಳೆಯೂದಿ, ದೊರೆಗಳ ಸೈನ್ಯವನ್ನು ಉಳಿಸಿ, ತಾನು ಸಾಯುತ್ತಾನೆ. ಚಿತ್ರೀಕರಣ ನಡೆದುದು ಹಿಮಾಲಯದ ತಪ್ಪಲಿನಲ್ಲಲ್ಲ, ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನ ಬಳಿ. ಗಂಗಾ ದಿನ್ ಆದವನು ಮೈಗೆ ಬಣ್ಣ ಬಳಿದುಕೊಂಡ ಅಮೆರಿಕದ ನಟ ಸ್ಯಾಮ್ ಜಾಫಿ. ಚಿತ್ರದಲ್ಲಿ ಥಗ್ಗರು ಸಾಲುಸಾಲಾಗಿ ಉರುಳುತ್ತಾರೆ. ಯಾರೂ ಅವರನ್ನು ಎಣಿಸುವುದಿಲ್ಲ. ಸಾವಿನ ನಡುವೆ ಸಾರ್ಜೆಂಟರ ತಮಾಷೆ ನಿರಾತಂಕವಾಗಿ ಸಾಗುತ್ತದೆ.

ಅಮೆರಿಕದಲ್ಲಿ ಜನ ಮುಗಿಬಿದ್ದು ನೋಡಿದರು. ಸ್ವಾತಂತ್ರ್ಯದ ಹೋರಾಟ ನಡೆದಿದ್ದ ಭಾರತದಲ್ಲಿ ಅದನ್ನು ಸಹಿಸಲು ಸಾಧ್ಯವಿರಲಿಲ್ಲ. ಮುಂಬಯಿಯ ‘ಫಿಲ್ಮ್ ಇಂಡಿಯಾ’ ಪತ್ರಿಕೆ ಕಟುವಾಗಿ ಖಂಡಿಸಿತು. ಬಂಗಾಳದಲ್ಲಿ ಚಿತ್ರದ ಪ್ರದರ್ಶನಕ್ಕೆ ನಿಷೇಧ ಬಂದಿತು. ಸ್ಟೀವನ್ಸನಿಗೆ ಆಗ ಇದು ಎಷ್ಟರಮಟ್ಟಿಗೆ ತಟ್ಟಿತೋ ಹೇಳಬರುವುದಿಲ್ಲ. ಆದರೆ ಎಷ್ಟೋ ವರ್ಷಗಳ ಮೇಲೆ ಆತನೇ ಆ ಚಿತ್ರವನ್ನು ನೆನೆದು, ಅದು ರಣಭೇರಿಯ ಸದ್ದನ್ನೂ ಬಾವುಟದ ಬೀಸನ್ನೂ ಕೊಂಡಾಡಿದ ಚಿತ್ರವೆಂದೂ ಅದರ ಸೊಗಸಿನೊಳಗೆ ಫ್ಯಾಸಿಸ್ಟರ ಮನೋಧರ್ಮವೇ ಅಡಗಿತ್ತೆಂದೂ ಒಪ್ಪಿಕೊಂಡನು. ಈ ಅರಿವು ಆತನಿಗೆ ಪುಸ್ತಕ ಓದಿ ಬಂದುದಲ್ಲ.

ಸಮವಸ್ತ್ರ ತೊಟ್ಟ ಕ್ಯಾಮರಾ

ಹಿಟ್ಲರನ ಪಕ್ಷದ ಮಹಾಸಮ್ಮೇಳನವನ್ನು ವೈಭವದಿಂದ ತೋರಿಸುವ ಲೆನಿ ರೀಫೆನ್‌ಸ್ಟಾಲಳ ಚಿತ್ರವನ್ನು ಸ್ಟೀವನ್ಸ್ ಒಮ್ಮೆ ನೋಡಿದನು. ಸಾವಿರ ಸಾವಿರ ಜನ ಒಂದೇ ಯಂತ್ರದ ಹಲ್ಲುಗಳಂತೆ ಹೆಜ್ಜೆ ಹಾಕುವ ಆ ದೃಶ್ಯಗಳು ಆತನನ್ನು ತಲ್ಲಣಗೊಳಿಸಿದುವು. ತನ್ನ ಕಸುಬಿನ ಉಪಕರಣವೇ ಅಲ್ಲಿ ಒಂದು ಆಯುಧವಾಗಿತ್ತು. ಹಾಲಿವುಡ್ಡಿನಲ್ಲಿ ಕೂತು ನಗೆಚಿತ್ರ ತೆಗೆಯುವುದು ಇನ್ನು ಸಾಧ್ಯವಿಲ್ಲವೆಂದು ಬಗೆದು, 1943ರಲ್ಲಿ ಹೆಂಡತಿಯನ್ನೂ ಹತ್ತು ವರ್ಷದ ಮಗನನ್ನೂ ಬಿಟ್ಟು ಸೈನ್ಯದ ಸಿಗ್ನಲ್ ವಿಭಾಗವನ್ನು ಸೇರಿದನು. ಕಡ್ಡಾಯ ಭರ್ತಿಯ ಒತ್ತಾಯ ಆತನ ಮೇಲೆ ಇರಲಿಲ್ಲ.

ಯೂರೋಪಿನ ಕಾಳಗವನ್ನು ಚಿತ್ರೀಕರಿಸಲು ಸೇನಾಪತಿ ಐಸೆನ್‌ಹೋವರನ ಅಧೀನದಲ್ಲಿ ಒಂದು ವಿಶೇಷ ತಂಡ ರಚಿತವಾಯಿತು. ಅದರ ಮುಖ್ಯಸ್ಥ ಸ್ಟೀವನ್ಸ್. ಛಾಯಾಗ್ರಾಹಕರ ಜೊತೆಗೆ ವಿಲಿಯಮ್ ಸರೋಯನ್, ಅರ್ವಿನ್ ಷಾ ಮೊದಲಾದ ಬರಹಗಾರರೂ ಆ ತಂಡದಲ್ಲಿದ್ದರು. 1944ರ ಜೂನ್ 6ರಂದು ಮಿತ್ರಸೈನ್ಯ ನಾರ್ಮಂಡಿಯ ದಡಕ್ಕೆ ಇಳಿದಾಗ ಸ್ಟೀವನ್ಸ್ ‘ಬೆಲ್‌ಫಾಸ್ಟ್’ ಎಂಬ ಬ್ರಿಟಿಷ್ ಯುದ್ಧನೌಕೆಯ ಮೇಲಿದ್ದನು. ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾದಾಗ ಆತನ ಕ್ಯಾಮರಾ ಅಲ್ಲಿತ್ತು. ಬೀದಿಬೀದಿಗಳಲ್ಲಿ ಜನ ಸೈನಿಕರನ್ನು ಅಪ್ಪಿ ಅಳುವುದನ್ನೂ ನಗುವುದನ್ನೂ ಅದು ಹಿಡಿದಿಟ್ಟಿತು. ಸೈನ್ಯಕ್ಕಾಗಿ ತಂಡದವರು ತೆಗೆಯುತ್ತಿದ್ದುದು ಕಪ್ಪು ಬಿಳುಪಿನ ಚಿತ್ರ. ಸ್ಟೀವನ್ಸ್ ತನ್ನ ಸ್ವಂತಕ್ಕೆಂದು ಹದಿನಾರು ಮಿಲಿಮೀಟರಿನ ಸಣ್ಣ ಕ್ಯಾಮರಾದಲ್ಲಿ ಬಣ್ಣದ ಫಿಲ್ಮು ಹಾಕಿ, ಪ್ರವಾಸಿಯೊಬ್ಬನು ದಿನಚರಿ ಬರೆಯುವಂತೆ, ಕಂಡುದನ್ನೆಲ್ಲ ತೆಗೆಯುತ್ತ ಹೋದನು. ಆ ಬಣ್ಣದ ಸುರುಳಿಗಳ ಮಾತು ಮುಂದೆ ಬರುತ್ತದೆ.

ಡಾಖೌ

1945ರ ವಸಂತದಲ್ಲಿ ತಂಡ ಜರ್ಮನಿಯೊಳಕ್ಕೆ ಹೊಕ್ಕಿತು. ಎಲ್ಬೆ ನದಿಯ ತೀರದ ಟೋರ್ಗೌ ಬಳಿ ಅಮೆರಿಕದ ಸೈನಿಕರೂ ರಷ್ಯದ ಸೈನಿಕರೂ ಪರಸ್ಪರ ಕೈಕುಲುಕಿ ಕುಣಿದುದನ್ನು ಚಿತ್ರಿಸಿತು. ಅದಾದ ಕೆಲವೇ ದಿನಗಳಲ್ಲಿ ಮ್ಯೂನಿಕ್ ನಗರದ ಸಮೀಪದ ಡಾಖೌ ಎಂಬಲ್ಲಿಗೆ ಬರಬೇಕೆಂಬ ಕರೆ ಬಂದಿತು.

ಡಾಖೌ ನಾಜಿಗಳು 1933ರಲ್ಲಿಯೇ ತೆರೆದ ಯಾತನಾಶಿಬಿರ. 1945ರ ಏಪ್ರಿಲ್ 29ರಂದು ಅಮೆರಿಕದ ಸೈನ್ಯ ಅದನ್ನು ವಶಪಡಿಸಿಕೊಂಡಾಗ ಮೂವತ್ತು ಸಾವಿರಕ್ಕೂ ಹೆಚ್ಚು ಬಂದಿಗಳು ಒಳಗಿದ್ದರು. ಶಿಬಿರದ ಹೊರಗೆ ಹಳಿಯ ಮೇಲೆ ನಿಂತಿದ್ದ ರೈಲುಬಂಡಿಯ ಡಬ್ಬಿಗಳಲ್ಲಿ ತುಂಬಿದ್ದುದು ಹೆಣಗಳು. ಬೇರೆ ಶಿಬಿರದಿಂದ ಸಾಗಿಸಿ ತಂದವರು ಹಸಿವಿನಿಂದಲೂ ಬಾಯಾರಿಕೆಯಿಂದಲೂ ದಾರಿಯಲ್ಲಿಯೇ ಸತ್ತಿದ್ದರು. ಒಳಗೆ ಟೈಫಸ್ ಜ್ವರ ಹರಡಿತ್ತು. ಬದುಕಿದ್ದವರಿಗೂ ಸತ್ತವರಿಗೂ ಭೇದ ತಿಳಿಯುತ್ತಿರಲಿಲ್ಲ. ಸ್ಟೀವನ್ಸ್ ಆ ಡಬ್ಬಿಗಳೊಳಕ್ಕೆ ಹತ್ತಿದನು. ಒಂದೊಂದನ್ನೂ ಚಿತ್ರಿಸಿದನು. ಇತರರ ಕೈ ನಡುಗಿದಾಗ ಕ್ಯಾಮರಾವನ್ನು ತಾನೇ ಹಿಡಿದನು.

ಆದರೆ ಆತನನ್ನು ಜೀವನದುದ್ದಕ್ಕೂ ಕಾಡಿದ ನೆನಪು ಹೆಣಗಳದಲ್ಲ. ಆತನು ಮುಂದೆ ಒಂದು ಸಂದರ್ಶನದಲ್ಲಿ ಹೇಳಿಕೊಂಡ ಸಂಗತಿ ಇದು: ಹಸಿವಿನಿಂದ ಕಣ್ಣು ಕಾಣದಂತಾಗಿದ್ದ ಬಂದಿಯೊಬ್ಬನು ಬಂದು ಆತನನ್ನು ಹಿಡಿದುಕೊಂಡು ಬೇಡತೊಡಗಿದನು. ಆ ಕ್ಷಣದಲ್ಲಿ ಸ್ಟೀವನ್ಸನ ಮನಸ್ಸಿನಲ್ಲಿ ಎದ್ದುದು ಕರುಣೆಯಲ್ಲ, ಅಸಹ್ಯ. ಈ ಕೊಳಕು ಕೈ ತನ್ನನ್ನು ಮುಟ್ಟಬಾರದು, ಇವನನ್ನು ದೂರ ತಳ್ಳಬೇಕು ಎಂಬ ಭಾವ ಆತನಲ್ಲಿ ಹೊಮ್ಮಿತು. ಹೊಮ್ಮಿದೊಡನೆ ಆತನು ತನ್ನನ್ನು ತಾನು ಕಂಡು ಬೆಚ್ಚಿದನು. ಈ ಶಿಬಿರವನ್ನು ಕಟ್ಟಿದವರಲ್ಲಿ ಇದ್ದುದೂ ಇದೇ ಭಾವವಲ್ಲವೆ? ನಾಜಿಯೆಂಬವನು ಬೇರೆ ಜಾತಿಯ ಪ್ರಾಣಿಯಲ್ಲ. ಅವನ ಬೀಜ ತನ್ನೊಳಗೂ ಇದೆ, ಯಾವ ಮನುಷ್ಯನೊಳಗೂ ಇರಬಹುದು.

ಶತ್ರುವಿನ ಕ್ರೌರ್ಯವನ್ನು ಕಂಡು ಕೆರಳಿದವರು ಅನೇಕರು. ಆ ಕ್ರೌರ್ಯದ ಬಾಗಿಲಲ್ಲಿ ನಿಂತು ತನ್ನ ಮುಖವನ್ನೇ ಕಂಡವರು ಕೆಲವರು. ಕಂಡುದನ್ನು ಬಾಯಿಬಿಟ್ಟು ಹೇಳಿದವರು ಇನ್ನೂ ವಿರಳ.

ನ್ಯಾಯಾಲಯದಲ್ಲಿ ಬೆಳ್ಳಿತೆರೆ

ಯುದ್ಧ ಮುಗಿದು ನಾಜಿ ನಾಯಕರ ವಿಚಾರಣೆ ನ್ಯೂರೆಂಬರ್ಗ್ ನಗರದಲ್ಲಿ ಆರಂಭವಾಯಿತು. 1945ರ ನವೆಂಬರ್ 29ರಂದು ನ್ಯಾಯಾಲಯದ ಗೋಡೆಗೆ ತೆರೆ ಕಟ್ಟಿ ಸುಮಾರು ಒಂದು ಗಂಟೆಯ ಚಿತ್ರವೊಂದನ್ನು ತೋರಿಸಿದರು. ಡಾಖೌ ಮೊದಲಾದ ಹಲವು ಶಿಬಿರಗಳಲ್ಲಿ ಅಮೆರಿಕದ ಮತ್ತು ಬ್ರಿಟನ್ನಿನ ಛಾಯಾಗ್ರಾಹಕರು ತೆಗೆದ ಚಿತ್ರಗಳನ್ನು ಸ್ಟೀವನ್ಸನ ಮೇಲ್ವಿಚಾರಣೆಯಲ್ಲಿ ಜೋಡಿಸಿದ್ದರು. ಚಿತ್ರದ ಮೊದಲಲ್ಲಿ ಆತನ ಪ್ರಮಾಣಪತ್ರ: ಇವು ಯಥಾರ್ಥವಾದ ಚಿತ್ರಗಳು, ತೆಗೆದ ಮೇಲೆ ಇವುಗಳನ್ನು ಯಾವ ರೀತಿಯಲ್ಲಿಯೂ ಮಾರ್ಪಡಿಸಿಲ್ಲ ಎಂಬುದು ಅದರ ತಾತ್ಪರ್ಯ. ಇಲ್ಲದುದನ್ನು ಇದ್ದಂತೆ ತೋರಿಸುವುದೇ ಕಸುಬಾಗಿದ್ದವನು, ಇದ್ದುದನ್ನು ಇದ್ದಂತೆಯೇ ತೋರಿಸಿದ್ದೇನೆಂದು ಪ್ರಮಾಣ ಮಾಡಬೇಕಾಗಿ ಬಂದಿತು.

ಚಿತ್ರ ನಡೆಯುವಾಗ ಆಪಾದಿತರ ಕಟಕಟೆಯ ಮೇಲೆ ಸಣ್ಣ ಬೆಳಕನ್ನು ಹಾಯಿಸಿದ್ದರು. ಕೆಲವರು ತಲೆ ತಗ್ಗಿಸಿದರು, ಷಾಖ್ಟ್ ತೆರೆಗೆ ಬೆನ್ನು ತಿರುಗಿಸಿ ಕುಳಿತನು, ಫುಂಕ್ ಅತ್ತನು. ಸಾಕ್ಷಿಗಳ ಮಾತನ್ನು ವಕೀಲರು ಸವಾಲು ಹಾಕಿ ಅಲುಗಿಸಬಹುದು. ಆ ಒಂದು ಗಂಟೆಯ ಚಿತ್ರವನ್ನು ಅಲುಗಿಸುವುದು ಯಾರಿಂದಲೂ ಆಗಲಿಲ್ಲ.

ಒಂದು ಗುಂಡಿನ ತೂಕ

ಹಾಲಿವುಡ್ಡಿಗೆ ಮರಳಿದ ಸ್ಟೀವನ್ಸ್ ಬಹುಕಾಲ ಸುಮ್ಮನಿದ್ದನು. ಸೈನ್ಯದಿಂದ ಬಂದ ಫ್ರಾಂಕ್ ಕಾಪ್ರಾ, ವಿಲಿಯಮ್ ವೈಲರ್ ಇವರೊಡನೆ ‘ಲಿಬರ್ಟಿ ಫಿಲ್ಮ್ಸ್’ ಎಂಬ ಸ್ವತಂತ್ರ ಸಂಸ್ಥೆಯಲ್ಲಿ ಪಾಲುಗೊಂಡನು. ಅದು ಬೇಗನೆ ಪ್ಯಾರಮೌಂಟ್ ಕಂಪೆನಿಯ ಕೈಸೇರಿತು. 1948ರಲ್ಲಿ ವಲಸೆ ಬಂದ ನಾರ್ವೆಯ ಕುಟುಂಬವೊಂದರ ತಾಯಿಯ ಕಥೆ ‘ಐ ರಿಮೆಂಬರ್ ಮಾಮಾ’ ಹೊರಬಂದಿತು. 1951ರ ‘ಎ ಪ್ಲೇಸ್ ಇನ್ ದಿ ಸನ್’ ಆತನಿಗೆ ಶ್ರೇಷ್ಠ ನಿರ್ದೇಶಕನ ಆಸ್ಕರ್ ಪ್ರಶಸ್ತಿಯನ್ನು ತಂದಿತು. ಥಿಯೋಡರ್ ಡ್ರೈಸರನ ಕಾದಂಬರಿಯ ಆಧಾರದ ಈ ಚಿತ್ರದಲ್ಲಿಯೂ ‘ಆಲಿಸ್ ಆಡಮ್ಸ್’ನ ಆಸೆಯೇ ಇದೆ: ಬಡವನೊಬ್ಬನು ಸಿರಿಯ ಬಾಗಿಲು ತಟ್ಟುವ ಆಸೆ. ಹದಿನಾರು ವರ್ಷಗಳ ಹಿಂದೆ ಆ ಆಸೆ ಸೆಕೆಯ ರಾತ್ರಿಯ ಊಟದ ನಗೆಯಲ್ಲಿ ಮುಗಿದಿತ್ತು. ಈಗ ಅದು ಸರೋವರದಲ್ಲಿ ಮುಳುಗಿ ಸತ್ತ ಹೆಣ್ಣಿನಲ್ಲಿಯೂ ಮರಣದಂಡನೆಯಲ್ಲಿಯೂ ಮುಗಿಯುತ್ತದೆ.

ಇವೆಲ್ಲಕ್ಕಿಂತ ಸ್ಟೀವನ್ಸನ ಮಾರ್ಪಾಟನ್ನು ಸ್ಪಷ್ಟವಾಗಿ ಸಾರುವುದು 1953ರ ‘ಶೇನ್’. ವಯೋಮಿಂಗ್ ಪ್ರಾಂತದ ಹಿಮಶಿಖರಗಳ ಕೆಳಗೆ ಬೇಸಾಯಕ್ಕೆ ಬಂದು ನೆಲಸಿದ ಬಡ ಕುಟುಂಬಗಳಿಗೂ ದನಗಳ ದೊಡ್ಡ ಒಡೆಯನಿಗೂ ನಡೆಯುವ ಜಗಳ ಇದರ ಕಥೆ. ಕೋವಿ, ಕುದುರೆ, ಒಳ್ಳೆಯವನು, ಕೆಟ್ಟವನು. ಹಾಲಿವುಡ್ಡಿನಲ್ಲಿ ವರ್ಷಕ್ಕೆ ಹತ್ತಾರು ಬರುತ್ತಿದ್ದ ಬಗೆಯ ವಸ್ತು. ಅಂತಹ ಚಿತ್ರಗಳಲ್ಲಿ ಪಿಸ್ತೂಲು ಪಟಾಕಿಯಂತೆ ಸದ್ದು ಮಾಡುವುದು, ಸತ್ತವನು ಗೊಂಬೆಯಂತೆ ಉರುಳುವುದು, ಮಕ್ಕಳು ಚಪ್ಪಾಳೆ ತಟ್ಟುವುದು ರೂಢಿ.

‘ಶೇನ್’ ಚಿತ್ರದಲ್ಲಿ ಬಹಳ ಹೊತ್ತು ಗುಂಡಿನ ಸದ್ದೇ ಅಪರೂಪ. ಮಧ್ಯದಲ್ಲಿ ಟೋರಿ ಎಂಬ ಬಡ ರೈತ, ಸ್ವಲ್ಪ ಬಡಾಯಿಯವನು, ಕೆಸರು ತುಂಬಿದ ಬೀದಿಯಲ್ಲಿ ವಿಲ್ಸನ್ ಎಂಬ ಬಾಡಿಗೆಯ ಕೊಲೆಗಾರನಿಗೆ ಎದುರಾಗುತ್ತಾನೆ. ಮೋಡ ಮುಸುಕಿದ ಹಗಲು. ಕೊಲೆಗಾರ ಮೇಲೆ ಒಣ ಜಗಲಿಯ ಮೇಲೆ ಸಲೀಸಾಗಿ ನಡೆಯುತ್ತಾನೆ. ರೈತ ಕೆಳಗೆ ಕೆಸರಿನಲ್ಲಿ ಜಾರುತ್ತ ಜೊತೆಗೆ ನಡೆಯುತ್ತಾನೆ. ಒಂದೇ ಒಂದು ಗುಂಡು ಹಾರುತ್ತದೆ. ಅದರ ಸದ್ದು ತೋಪಿನ ಸದ್ದಿನಂತೆ ಚಿತ್ರಮಂದಿರವನ್ನು ನಡುಗಿಸುತ್ತದೆ. ಸ್ಟೀವನ್ಸ್ ಆ ಸದ್ದನ್ನು ಬೇಕೆಂದೇ ಹಾಗೆ ಹಿಗ್ಗಿಸಿದ್ದನು. ನಟನ ಮೈಗೆ ತಂತಿ ಕಟ್ಟಿ, ಗುಂಡು ತಗುಲಿದ ಕ್ಷಣದಲ್ಲಿ ಹಿಂದಕ್ಕೆ ಸೆಳೆಸಿದ್ದನು. ಮನುಷ್ಯ ಎತ್ತಿ ಎಸೆದಂತೆ ಹಿಂದಕ್ಕೆ ಹಾರಿ ಕೆಸರಿನಲ್ಲಿ ಬೀಳುತ್ತಾನೆ. ಆಮೇಲೆ ಮೌನ. ಅವನ ಶವವನ್ನು ಮನೆಗೆ ಒಯ್ಯಬೇಕು, ಹೆಂಡತಿಗೆ ತಿಳಿಸಬೇಕು, ಗುಡ್ಡದ ಮೇಲೆ ಮಣ್ಣು ಮಾಡಬೇಕು. ಮಣ್ಣು ಮಾಡುವಾಗ ಅವನ ನಾಯಿ ಪೆಟ್ಟಿಗೆಯನ್ನು ಕಾಲಿನಿಂದ ಕೆರೆಯುತ್ತದೆ. ಇದಕ್ಕೆಲ್ಲ ಸ್ಟೀವನ್ಸ್ ಸಾವಕಾಶವಾಗಿ ಸಮಯ ಕೊಡುತ್ತಾನೆ.

‘ಗಂಗಾ ದಿನ್’ ಚಿತ್ರದಲ್ಲಿ ಸಾಲುಸಾಲಾಗಿ ಉರುಳಿದವರಿಗೆ ಹೆಸರಿರಲಿಲ್ಲ, ಹೆಂಡತಿಯಿರಲಿಲ್ಲ, ಗುಂಡಿ ತೋಡಿದವರಿರಲಿಲ್ಲ. ‘ಶೇನ್’ ಚಿತ್ರದಲ್ಲಿ ಒಬ್ಬ ಸಾಧಾರಣನ ಸಾವಿಗೆ ಇಡೀ ಊರು ನಿಲ್ಲುತ್ತದೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಈ ಎರಡು ಚಿತ್ರಗಳನ್ನೂ ತೆಗೆದವನು ಒಬ್ಬನೇ. ನಡುವೆ ಇದ್ದುದು ಡಾಖೌ. ಗುಂಡು ತಗುಲಿದರೆ ಮನುಷ್ಯನಿಗೆ ಏನಾಗುತ್ತದೆಂಬುದನ್ನು ಕಂಡು ಬಂದವನು ಅದನ್ನು ಹಗುರ ಮಾಡಿ ತೋರಿಸಲೊಪ್ಪಲಿಲ್ಲ.

ಸಭೆಯಲ್ಲಿ ಎದ್ದುನಿಂತವನು

ತೆರೆಯ ಮೇಲಿನ ಧೈರ್ಯಕ್ಕಿಂತ ತೆರೆಯ ಹೊರಗಿನ ಧೈರ್ಯ ಕಷ್ಟವಾದುದು. 1950ರಲ್ಲಿ ಅಮೆರಿಕದಲ್ಲಿ ಕಮ್ಯೂನಿಸ್ಟರ ಭೀತಿ ಎಲ್ಲೆಲ್ಲೂ ಹಬ್ಬಿತ್ತು. ನಿರ್ದೇಶಕರ ಸಂಘದ ಪ್ರತಿಯೊಬ್ಬ ಸದಸ್ಯನೂ ದೇಶನಿಷ್ಠೆಯ ಪ್ರಮಾಣಕ್ಕೆ ಕಡ್ಡಾಯವಾಗಿ ಸಹಿ ಹಾಕಬೇಕೆಂದು ಹಿರಿಯ ನಿರ್ದೇಶಕ ಸಿಸಿಲ್ ಡಿ ಮಿಲ್ ಪಟ್ಟುಹಿಡಿದನು. ಸಂಘದ ಅಧ್ಯಕ್ಷ ಜೋಸೆಫ್ ಮ್ಯಾಂಕಿವಿಟ್ಸ್ ಒಪ್ಪಲಿಲ್ಲ. ಅವನನ್ನು ಪದಚ್ಯುತಗೊಳಿಸಲು ಡಿ ಮಿಲ್ ಬಳಗ ಗುಟ್ಟಾಗಿ ಮತಪತ್ರಗಳನ್ನು ಹಂಚಿತು. ಅಕ್ಟೋಬರ್ 22ರ ರಾತ್ರಿ ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಸಂಘದ ಸಭೆ ಸೇರಿ ಗಂಟೆಗಟ್ಟಲೆ ನಡೆಯಿತು.

ಸ್ಟೀವನ್ಸ್ ಕಾರ್ಯಸಮಿತಿಯ ಸದಸ್ಯನಾಗಿದ್ದನು. ಹೆಚ್ಚು ಮಾತಿನವನಲ್ಲ, ಸೆಟ್ಟಿನಲ್ಲಿಯೂ ಪೈಪು ಕಚ್ಚಿಕೊಂಡು ಒಂಟಿಯಾಗಿ ಅತ್ತಿತ್ತ ಶತಪಥ ಹಾಕುವುದು ಆತನ ಅಭ್ಯಾಸ. ಆ ರಾತ್ರಿ ಆತನು ಎದ್ದು, ಮತಪತ್ರಗಳ ಗುಟ್ಟಿನ ಕಾರ್ಯಾಚರಣೆ ಹೇಗೆ ನಡೆಯಿತೆಂದು ತಾನು ವಿಚಾರಿಸಿ ತಿಳಿದುದನ್ನು ಒಂದೊಂದಾಗಿ ಸಭೆಯ ಮುಂದಿಟ್ಟನು. ಸಮಿತಿಗೆ ತನ್ನ ರಾಜೀನಾಮೆಯನ್ನೂ ಕೊಟ್ಟನು. ಕಡೆಗೆ ಜಾನ್ ಫೋರ್ಡ್ ಮ್ಯಾಂಕಿವಿಟ್ಸನ ಪರವಾಗಿ ಮಾತನಾಡಿದ ಮೇಲೆ ಸಮಿತಿಯೇ ಸಾರಾಸಗಟಾಗಿ ರಾಜೀನಾಮೆಯಿತ್ತಿತು, ಅಧ್ಯಕ್ಷ ಉಳಿದನು. ಜನರನ್ನು ಪಟ್ಟಿ ಮಾಡಿ ಬೇರ್ಪಡಿಸುವ ಹಾದಿ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಐದೇ ವರ್ಷಗಳ ಹಿಂದೆ ಕಂಡು ಬಂದಿದ್ದವನು ಆ ಸಭೆಯಲ್ಲಿ ಸುಮ್ಮನೆ ಕೂರಲಿಲ್ಲ.

1956ರ ‘ಜಯಂಟ್’ ಚಿತ್ರದಲ್ಲಿಯೂ ಈ ಎಚ್ಚರ ಉಂಟು. ಮೂರು ಗಂಟೆಗೂ ಮೀರಿದ ಆ ಚಿತ್ರ ಟೆಕ್ಸಾಸಿನ ಜಮೀನ್ದಾರ ಕುಟುಂಬವೊಂದರ ಎರಡು ತಲೆಮಾರಿನ ಕಥೆ. ತರುಣ ನಟ ಜೇಮ್ಸ್ ಡೀನ್ ತನ್ನ ಪಾತ್ರ ಮುಗಿಸಿದ ಕೆಲವೇ ದಿನಗಳಲ್ಲಿ, 1955ರ ಸೆಪ್ಟೆಂಬರ್ 30ರಂದು, ಕಾರು ಅಪಘಾತದಲ್ಲಿ ತೀರಿಕೊಂಡುದರಿಂದ ಜನ ಈ ಚಿತ್ರವನ್ನು ಹೆಚ್ಚಾಗಿ ಅವನ ಹೆಸರಿನಲ್ಲಿ ನೆನೆಯುತ್ತಾರೆ. ಆದರೆ ಅದರ ತಿರುಳಿರುವುದು ಕೊನೆಯ ಒಂದು ದೃಶ್ಯದಲ್ಲಿ. ರಸ್ತೆ ಬದಿಯ ಹೋಟೆಲಿನ ಮಾಲಿಕ ಮೆಕ್ಸಿಕನ್ ಕುಟುಂಬವೊಂದನ್ನು ಹೊರಗಟ್ಟಲು ಬರುತ್ತಾನೆ. ಜೀವನವೆಲ್ಲ ಮೆಕ್ಸಿಕನ್ನರನ್ನು ಕೀಳಾಗಿ ಕಂಡಿದ್ದ ಜಮೀನ್ದಾರ, ಮೆಕ್ಸಿಕನ್ ಸೊಸೆಯನ್ನೂ ಮೊಮ್ಮಗನನ್ನೂ ಪಡೆದ ಮೇಲೆ ಮೊದಲ ಬಾರಿಗೆ ಅವರ ಪರವಾಗಿ ಕೈಯೆತ್ತುತ್ತಾನೆ. ಎತ್ತಿ, ಚೆನ್ನಾಗಿ ಪೆಟ್ಟು ತಿಂದು, ತಟ್ಟೆ ಲೋಟಗಳ ನಡುವೆ ಬಿದ್ದು ಸೋಲುತ್ತಾನೆ. ಹೆಂಡತಿಯ ಕಣ್ಣಿಗೆ ಆತನು ಅಂದಿನಷ್ಟು ದೊಡ್ಡವನಾಗಿ ಎಂದೂ ಕಂಡಿರಲಿಲ್ಲ. ಈ ಚಿತ್ರಕ್ಕಾಗಿ ಸ್ಟೀವನ್ಸನಿಗೆ ಎರಡನೆಯ ಆಸ್ಕರ್ ದೊರೆಯಿತು.

ತೋರಿಸದೆ ಬಿಟ್ಟುದು

1959ರಲ್ಲಿ ಸ್ಟೀವನ್ಸ್ ಆನ್ ಫ್ರಾಂಕಳ ದಿನಚರಿಯನ್ನು ತೆರೆಗೆ ತಂದನು. ಆಮ್‌ಸ್ಟರ್ಡ್ಯಾಮಿನ ಮನೆಯೊಂದರ ಹಿಂಬದಿಯ ಗುಪ್ತ ಕೋಣೆಗಳಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಡಗಿದ್ದ ಯೆಹೂದಿ ಹುಡುಗಿಯ ಕಥೆ ಅದು. ಆಕೆಯನ್ನೂ ಕುಟುಂಬವನ್ನೂ ನಾಜಿಗಳು ಹಿಡಿದುದು 1944ರ ಆಗಸ್ಟ್ 4ರಂದು. ಅದಾದ ಮೂರು ವಾರಕ್ಕೆ ಸ್ಟೀವನ್ಸ್ ಪ್ಯಾರಿಸ್ಸಿನ ಬೀದಿಯಲ್ಲಿ ಬಿಡುಗಡೆಯ ಸಂಭ್ರಮವನ್ನು ಚಿತ್ರಿಸುತ್ತಿದ್ದನು. ಆ ಬಿಡುಗಡೆ ಆಕೆಯನ್ನು ಮುಟ್ಟಲಿಲ್ಲ. 1945ರ ಮೊದಲ ತಿಂಗಳುಗಳಲ್ಲಿ ಬರ್ಗನ್ ಬೆಲ್ಸನ್ ಶಿಬಿರದಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಆಕೆ ಸತ್ತಳು.

ಚಿತ್ರಕ್ಕಾಗಿ ಸ್ಟೀವನ್ಸ್ ಆಕೆಯ ತಂದೆ ಆಟೋ ಫ್ರಾಂಕನೊಡನೆ ಆ ಮನೆಗೆ ಹೋಗಿ ಬಂದನು. ಯುದ್ಧದ ಕಾಲದ ತನ್ನ ಬಣ್ಣದ ಸುರುಳಿಗಳಲ್ಲಿ ಒಂದನ್ನು ಆ ದಿನಗಳಲ್ಲಿ ತೆಗೆದು ನೋಡಲಾರಂಭಿಸಿ, ಮುಂದೆ ನೋಡಲಾರದೆ ಮತ್ತೆ ಮುಚ್ಚಿಟ್ಟನೆಂದು ಹೇಳುತ್ತಾರೆ. ಶಿಬಿರವನ್ನು ಕಣ್ಣಾರೆ ಕಂಡ ನಿರ್ದೇಶಕ ಆನ್ ಫ್ರಾಂಕಳ ಕಥೆಯಲ್ಲಿ ಶಿಬಿರವನ್ನು ತೋರಿಸದೆ ಇರುವನೆ? ಮೊದಲು ಆಕೆ ಶಿಬಿರದಲ್ಲಿ ನಿಂತಿರುವ ಒಂದು ದೃಶ್ಯವನ್ನು ಕೊನೆಯಲ್ಲಿ ಸೇರಿಸಿಯೂ ಇದ್ದನು. ಪರೀಕ್ಷಾರ್ಥವಾಗಿ ಪ್ರೇಕ್ಷಕರಿಗೆ ತೋರಿಸಿದ ಮೇಲೆ ಅದನ್ನು ತೆಗೆದುಹಾಕಿದನು. ಚಿತ್ರ ಆ ಕೋಣೆಗಳನ್ನು ಬಿಟ್ಟು ಹೊರಗೆ ಹೋಗುವುದೇ ಕಡಿಮೆ. ಬೀದಿಯಲ್ಲಿ ವಾಹನ ನಿಂತ ಸದ್ದು, ಮೆಟ್ಟಿಲ ಮೇಲೆ ಬೂಟಿನ ಸದ್ದು, ಉಸಿರು ಬಿಗಿಹಿಡಿದ ಎಂಟು ಮುಖಗಳು. ಭಯವೆಲ್ಲ ಇಷ್ಟರಲ್ಲಿಯೇ ಇದೆ.

ಇದು ಪ್ರೇಕ್ಷಕರಿಗೆ ಹೆದರಿ ಮಾಡಿಕೊಂಡ ರಾಜಿಯೆಂದು ಅಂದವರುಂಟು. ಆ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೂ ಇನ್ನೊಂದು ದೃಷ್ಟಿಯಿಂದ ನೋಡಬಹುದು. ನ್ಯಾಯಾಲಯಕ್ಕೆ ಬೇಕಾಗಿದ್ದುದು ಸಾಕ್ಷ್ಯ. ಅಲ್ಲಿ ಸ್ಟೀವನ್ಸ್ ಏನನ್ನೂ ಮರೆಮಾಡಲಿಲ್ಲ. ಚಿತ್ರಮಂದಿರಕ್ಕೆ ಬಂದವರ ಎದುರಿಗೆ ಆತನು ಇರಿಸಿದುದು ಹೆಣವಾಗುವ ಮೊದಲಿನ ಹುಡುಗಿಯನ್ನು: ಜಗಳವಾಡುವ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ, ದೊಡ್ಡವರನ್ನು ಅಣಕಿಸುವ ಹುಡುಗಿಯನ್ನು. ಡಾಖೌನ ಡಬ್ಬಿಗಳಲ್ಲಿ ಕಂಡ ಒಂದೊಂದು ದೇಹವೂ ಹೀಗೆಯೇ ಒಂದು ಮನೆಯಲ್ಲಿ ನಕ್ಕು, ಮುನಿದು, ಬೆಳೆದ ದೇಹ. ಅದನ್ನು ಮರೆಯುವಂತೆ ಮಾಡಿದುದೇ ನಾಜಿಗಳ ಗೆಲುವು. ನೆನಪಿಗೆ ತರುವುದು ಕಲೆಯ ಕೆಲಸ. ಈ ಚಿತ್ರದಲ್ಲ್ಲಿ ನಟಿಸಿ ಆಸ್ಕರ್ ಪಡೆದ ಷೆಲ್ಲಿ ವಿಂಟರ್ಸ್ ಮುಂದೆ ಆ ಪ್ರಶಸ್ತಿಯನ್ನು ಆಮ್‌ಸ್ಟರ್ಡ್ಯಾಮಿನ ಆನ್ ಫ್ರಾಂಕ್ ಮನೆಗೇ ಕೊಟ್ಟಳು.

ಉಗ್ರಾಣದ ಸುರುಳಿಗಳು

ಆಮೇಲಿನ ಕಥೆ ಇಳಿಮುಖದ್ದು. ಕ್ರಿಸ್ತನ ಜೀವನವನ್ನು ಕುರಿತ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ ಐದಾರು ವರ್ಷಗಳ ಶ್ರಮವನ್ನೂ ಸುಮಾರು ಎರಡು ಕೋಟಿ ಡಾಲರುಗಳನ್ನೂ ನುಂಗಿ 1965ರಲ್ಲಿ ಹೊರಬಂದು ಸೋತಿತು. ನಗೆಯಲ್ಲಿ ಸೊಗಸಾಗಿದ್ದ ನಿಧಾನ, ‘ಶೇನ್’ನಲ್ಲಿ ಘನತೆಯಾಗಿದ್ದ ನಿಧಾನ, ಇಲ್ಲಿ ಭಾರವಾಯಿತು. 1970ರಲ್ಲಿ ಕಡೆಯ ಚಿತ್ರ ಬಂದಿತು. 1975ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಸ್ಟೀವನ್ಸ್ ತೀರಿಕೊಂಡನು.

ಆತನು ಸತ್ತ ಮೇಲೆ ಮಗ ಜಾರ್ಜ್ ಸ್ಟೀವನ್ಸ್ ಕಿರಿಯನು ಉಗ್ರಾಣದಲ್ಲಿದ್ದ ಡಬ್ಬಿಗಳನ್ನು ತೆರೆದು ನೋಡಿದನು. ಸಿಕ್ಕಿದುವು ಆ ಬಣ್ಣದ ಸುರುಳಿಗಳು. ಯುದ್ಧವೆಂದರೆ ಕಪ್ಪು ಬಿಳುಪೆಂದೇ ನಂಬಿದ್ದವರ ಕಣ್ಣಿಗೆ ನಾರ್ಮಂಡಿಯ ನೀಲಿ ಸಮುದ್ರ, ಪ್ಯಾರಿಸ್ಸಿನ ಹೆಂಗಳೆಯರ ಕೆಂಪು ಉಡುಪು, ಡಾಖೌನ ಬಂದಿಗಳ ಪಟ್ಟೆಯಂಗಿ ಇವೆಲ್ಲ ನಿನ್ನೆ ನಡೆದಂತೆ ಬೆಳಗಿದುವು. 1994ರಲ್ಲಿ ಮಗ ಅವುಗಳನ್ನು ಜೋಡಿಸಿ ‘ಡಿ-ಡೇ ಟು ಬರ್ಲಿನ್’ ಎಂಬ ಸಾಕ್ಷ್ಯಚಿತ್ರ ಮಾಡಿದನು. ಅಮೆರಿಕದ ಸಂಸತ್ತಿನ ಗ್ರಂಥಭಂಡಾರದಲ್ಲಿ ಆ ಸುರುಳಿಗಳು ಈಗ ಸುರಕ್ಷಿತವಾಗಿವೆ. 2008ರಲ್ಲಿ ಅವು ರಾಷ್ಟ್ರದ ಶಾಶ್ವತ ಚಿತ್ರಗಳ ಪಟ್ಟಿಗೂ ಸೇರಿದುವು.

ನಲವತ್ತು ವರ್ಷ ಚಿತ್ರಗಳನ್ನು ತೆಗೆದು ಜನಕ್ಕೆ ತೋರಿಸುವುದೇ ಜೀವನವಾಗಿದ್ದವನು ಮೂವತ್ತು ವರ್ಷ ಆ ಸುರುಳಿಗಳನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದನು. ಎಸೆದೂ ಬಿಡಲಿಲ್ಲ. ಅವುಗಳನ್ನು ಮತ್ತೆ ನೋಡುವ ಶಕ್ತಿ ತನಗಿಲ್ಲದಿದ್ದರೂ, ನೋಡಬೇಕಾದವರು ಮುಂದೆ ಬರುವರೆಂದು ಆತನು ಬಲ್ಲನು.